ರಾಗಿ ತೆನೆಯ ಕೆಳಗಿನ ಬೆರಳು

“ಇವ್ಳು ಡಿಗ್ರಿ ಮುಗಿಸಿದ್ರೆ ಅರ್ಧ ಮೀಸೆ ಬೋಳಿಸ್ಕಂತೀನಿ” ಎಂದವರು ನಮ್ಮ ದೊಡ್ಡಪ್ಪ. ಹುಲಿಕೆರೆಯ ನಮ್ಮ ಮನೆತನದಲ್ಲಿ ಹತ್ತನೇ ತರಗತಿ ದಾಟಿದವರೇ ಇರಲಿಲ್ಲ. ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಕೊನೆಯ ವರ್ಷ ಸಸ್ಯಶಾಸ್ತ್ರದ ರೆಕಾರ್ಡ್ ಪುಸ್ತಕದಲ್ಲಿ ಕಾರ್ತೀಕದಿಂದ ಪುಷ್ಯದವರೆಗೆ ಊರಿನ ಸುತ್ತ ಸಿಗುವ ಕಾಯಿ, ಬೀಜ, ತೆನೆಗಳ ಚಿತ್ರ ಬರೆಯಬೇಕಿತ್ತು. ಅದಕ್ಕೆ ಸಹಿ ಬೀಳದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆ ಇಲ್ಲ, ಡಿಗ್ರಿಯೂ ಇಲ್ಲ. ಹೆಚ್ಚಿನವರು ಹಿಂದಿನ ವರ್ಷದವರ ರೆಕಾರ್ಡನ್ನು ಕಿಟಕಿ ಗಾಜಿಗೆ ಒತ್ತಿಟ್ಟು ಗೆರೆ ಇಳಿಸಿಕೊಂಡರು. ನನಗೆ ಹಾಗೆ ಕೊಡುವವರು ಯಾರೂ ಇರಲಿಲ್ಲ. ಹೊಂಗೆಕಾಯಿ, ನುಸಿ ಹಿಡಿದು ಉದುರಿದ ತೆಂಗಿನ ಹೀಚು, ಎಲ್ಲವನ್ನೂ ಕಣ್ಣೆದುರು ಇಟ್ಟುಕೊಂಡೇ ಬರೆದೆ. ಅವರೆಕಾಯಿಯ ಚಿತ್ರ ಅರ್ಧ ಆಗುವಷ್ಟರಲ್ಲಿ ಅವ್ವ ಅದನ್ನು ಸಾರಿಗೆ ಸುಲಿದುಬಿಟ್ಟಿದ್ದಳು.

ರಾಗಿ ತೆನೆಯನ್ನು ಮಾತ್ರ ಮನೆಗೆ ತರುವಂತಿರಲಿಲ್ಲ. ಕಣದ ಪೂಜೆಗೆ ಮುಂಚೆ ಒಟ್ಟಿದ ಮೆದೆಯ ಒಂದು ತೆನೆಯೂ ಕಣ ದಾಟಬಾರದು ಎಂಬುದು ಊರಿನ ಕಟ್ಟಳೆ. ಹಾಗಾಗಿ ಕಣದಲ್ಲೇ ಕೂತು, ತೆನೆಯ ಬೆರಳಿನಂಥ ಒಂದೊಂದು ಕವಲನ್ನೂ ನೋಡಿ ಬರೆದೆ.

ಕಾಲೇಜಿನಲ್ಲಿ ಮೇಡಂ ಆ ಪುಟಕ್ಕೆ ಕೆಂಪು ಗೀಟು ಎಳೆದರು. “ತೆನೆಯ ಬೆರಳೆಲ್ಲ ಒಂದೇ ಕಡೆಯಿಂದ ಹೊರಡುತ್ತೆ ಕಣಮ್ಮ. ನೀನು ಒಂದನ್ನ ಕೆಳಗೆ ಇಳಿಸಿದೀಯಲ್ಲ. ಎಲ್ಲರದ್ದೂ ನೋಡು. ತಿದ್ದಿ ಕೊಡು.”

“ತಿದ್ದಲ್ಲ ಮೇಡಂ. ನಮ್ ರಾಗಿ ಹಂಗೇ ಐತೆ.”

“ಹಾಗಾದ್ರೆ ತೆನೆ ತಂದು ತೋರಿಸು.”

“ಶುಕ್ರವಾರ ಕಣದ ಪೂಜೆ. ಶನಿವಾರ ತರ್ತೀನಿ.”

“ಸಹಿಗೆ ಶುಕ್ರವಾರವೇ ಕೊನೆ.”

ಪಕ್ಕದ ಗೆಳತಿ ಪಿಸುಗುಟ್ಟಿದಳು: “ಒಂದ್ ಬೆರಳಿಗೆ ಒಂದ್ ವರ್ಷ ಕಳ್ಕಂತೀಯಲ್ಲೇ, ತಿಕ್ಕಲು.”

ರಬ್ಬರು ಕೈಯಲ್ಲೇ ಇತ್ತು. ಉಜ್ಜಿದ್ದರೆ ಎರಡು ನಿಮಿಷದ ಕೆಲಸ. ಆದರೆ ನೋಡಿದ್ದನ್ನು ಅಳಿಸಿ, ನೋಡದ್ದನ್ನು ಬರೆದು ಪಾಸಾಗಲು ನಾನು ಮೂರು ವರ್ಷ ಬೆಳಗಿನ ಬಸ್ಸಿಗೆ ಓಡಿದ್ದಲ್ಲ. ರೆಕಾರ್ಡನ್ನು ಹಾಗೇ ಮೇಜಿನ ಮೇಲೆ ಬಿಟ್ಟು ಬಂದೆ.

ಶನಿವಾರ ಅದರ ಪಕ್ಕ ಒಂದು ಹಿಡಿ ತೆನೆ ಇಟ್ಟೆ. ಮೇಡಂ ಒಂದೊಂದನ್ನೂ ತಿರುಗಿಸಿ ನೋಡಿದರು. ಹೆಚ್ಚಿನವುಗಳಲ್ಲಿ ಒಂದು ಬೆರಳು ಕೆಳಗೇ ಇತ್ತು, ನಮ್ಮ ಹೆಬ್ಬೆರಳಿನ ಹಾಗೆ. ಕೆಂಪು ಗೀಟಿನ ಮೇಲೆಯೇ ಸಹಿ ಹಾಕಿ, ಹಿಂದಿನ ದಿನದ ತಾರೀಖು ಬರೆದರು. ಆಮೇಲೆ, “ಉಳಿದೋರನ್ನೆಲ್ಲ ರೆಕಾರ್ಡ್ ಸಮೇತ ಕರಿ” ಎಂದರು.

ಡಿಗ್ರಿ ಸರ್ಟಿಫಿಕೇಟನ್ನು ಅವ್ವನ ಕೈಗೇ ಕೊಟ್ಟೆ. ಓದು ಬಾರದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು.

“ಗೋಡೆಗೆ ಹಾಕಾದು ಬ್ಯಾಡ ಕಣೇ, ಹೊಗೆ ಹಿಡೀತದೆ. ಟ್ರಂಕಿನಾಗೆ ಇಡ್ತೀನಿ. ನೋಡ್ಬೇಕು ಅನ್ನೋರು, ನಿಮ್ ದೊಡ್ಡಪ್ಪನೇ ಆಗ್ಲಿ, ನಮ್ಮನೆಗೇ ಬಂದು ಕೇಳ್ಲಿ.”