ಐದು ದಿನ ಇದ್ದ ಬಿಳಿ ಗೂಬೆ

ಉಲ್ಬೊಲ್ಸುನ್ ಎಂದರೆ ‘ಗಂಡಾಗಲಿ’ ಎಂದರ್ಥ. ನಾಲ್ಕು ಹೆಣ್ಣುಗಳ ಮೇಲೆ ಐದನೆಯದೂ ಹೆಣ್ಣಾದಾಗ ಅಪ್ಪ ರೋಸಿಹೋಗಿ ಇಟ್ಟ ಹೆಸರು. ಎಂಟು ವರ್ಷಕ್ಕೆ ಹೆಸರು ಫಲಿಸಿ ತಮ್ಮ ಹುಟ್ಟಿದ. ಅವನಿಗೆ ತಿಲೆನ್‌ಬಾಯ್, ಬೇಡಿ ಪಡೆದವನು, ಎಂದು ಹೆಸರಿಟ್ಟರು. ಹೆತ್ತ ತಾಯಿ ಹಾಸಿಗೆ ಹಿಡಿದಳು. ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು ಎಂಟು ವರ್ಷದ ಈ ಅಕ್ಕ.

ನಾನು ಕೊಚ್ಕೊರ್ ಕಣಿವೆಯ ಅವಳ ಹಳ್ಳಿಗೆ ನರ್ಸಾಗಿ ಹೋದಾಗ ಅವಳಿಗೆ ಅರವತ್ತು ದಾಟಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಊರಿಗೆಲ್ಲ ಅವಳು ಎಜೆ, ಅಂದರೆ ಅಕ್ಕ. ಮಕ್ಕಳಿಗೆ ಮಖಮಲ್ಲಿನ ಟೋಪಿ ಹೊಲಿಯುವುದು ಅವಳ ಕಸುಬು. ಟೋಪಿಯ ನೆತ್ತಿಗೆ ಗೂಬೆಗರಿಯ ಒಂದು ಕುಚ್ಚು ಇರಲೇಬೇಕು, ತೊಟ್ಟಿಲಿಗೂ ಒಂದು. ಗೂಬೆಗರಿ ಇದ್ದಲ್ಲಿಗೆ ಕೆಟ್ಟ ಕಣ್ಣು ಬರುವುದಿಲ್ಲವೆಂಬುದು ನಮ್ಮವರ ನಂಬಿಕೆ. ಪೇಟೆಯಿಂದ ಕಾಗದದ ಪೊಟ್ಟಣದಲ್ಲಿ ಗರಿ ಬರುತ್ತಿತ್ತು. ಕಣ್ಣು ಮುಚ್ಚಿ ಬೆರಳಲ್ಲಿ ತಿಕ್ಕಿದರೆ ಸಾಕು, ಇದು ಎದೆಯದು, ಇದು ಪಕ್ಕೆಯದು ಎಂದು ಹೇಳುತ್ತಿದ್ದಳು. ಆದರೆ ಜೀವಂತ ಗೂಬೆಯನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಆ ಜನವರಿಯಲ್ಲಿ ಒಂದು ಬೆಳಿಗ್ಗೆ ನಾನು ಆರೋಗ್ಯ ಕೇಂದ್ರದ ಬೀಗ ತೆಗೆಯುತ್ತಿದ್ದೆ. ಎಜೆ ಓಡಿ ಬಂದಳು. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಬರೀ ಉಣ್ಣೆಯ ಕಾಲುಚೀಲ. ಮುಖ ಬಿಳಿಚಿತ್ತು. ಲಕ್ವದ ಲಕ್ಷಣವೇನೋ ಎಂದು ಅವಳ ಕೈ ಹಿಡಿದು ನೋಡಿದೆ.

“ನಡಿಯೇ, ಬೇಗ ನಡಿ. ನನ್ನ ಹುಲ್ಲಿನ ಬಣವೆ ಮೇಲೆ ಯಾರೋ ಕೂತಿದಾರೆ.”

“ಯಾರು ಎಜೆ?”

“ಗೊತ್ತಿಲ್ಲ. ಬಿಳೀ ಬಟ್ಟೆ ಹಾಕ್ಕೊಂಡಿದಾರೆ. ನನ್ನನ್ನೇ ನೋಡ್ತಿದಾರೆ.”

ಹೋಗಿ ನೋಡಿದರೆ ಬಣವೆಯ ತುದಿಯಲ್ಲಿ ಹಾಡುಹಗಲೇ ಒಂದು ಗೂಬೆ ಕೂತಿತ್ತು. ಎಳೆಯ ಕುರಿಮರಿಯಷ್ಟು ದಪ್ಪ, ಹಿಮಕ್ಕಿಂತ ಬಿಳುಪು. ನಾವು ಬಂದ ಸದ್ದಿಗೆ ಕೊರಳಷ್ಟೇ ತಿರುಗಿತು. ಹಳದಿ ಕಣ್ಣು ನಮ್ಮ ಮೇಲೆ ನಿಂತಿತು. ಎಜೆ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಮೂರು ದಿನ ಅಲ್ಲಿ ಕಂದು ಗುರುತಿತ್ತು.

“ಇದಕ್ಕೆ ಮುಖ ಇದೆ ಕಣೇ,” ಎಂದಳು. “ನಂಗೊತ್ತೇ ಇರ್ಲಿಲ್ಲ. ಮನುಷ್ಯರ ಥರ ಮುಖ ಇದೆ.”

ರಾಜಧಾನಿ ಬಿಶ್ಕೆಕ್‌ನ ಪಕ್ಷಿ ಪಂಡಿತೆ ರಿಮ್ಮಾ ಪೆತ್ರೋವ್ನಾ ಪ್ರತಿ ಜನವರಿಯಲ್ಲೂ ಜಲಾಶಯದ ಬಾತುಗಳನ್ನು ಎಣಿಸಲು ಬಂದು, ಇಪ್ಪತ್ತು ವರ್ಷದಿಂದ ಎಜೆಯ ಮನೆಯಲ್ಲೇ ಇಳಿದುಕೊಳ್ಳುತ್ತಿದ್ದಳು. ಆ ದಿನವೂ ನಸುಕಿಗೇ ಎದ್ದು ಜಲಾಶಯಕ್ಕೆ ಹೋಗಿದ್ದಳು. ಮಧ್ಯಾಹ್ನ ವಾಪಸು ಬಂದವಳು ಬಣವೆಯ ಕಡೆ ನೋಡಿ, ದುರ್ಬೀನನ್ನು ಕಣ್ಣಿಗೂ ಏರಿಸದೆ, ನಿಂತಲ್ಲೇ ಹಿಮದಲ್ಲಿ ಕುಸಿದು ಕೂತಳು.

“ಇದು ಇರೋದು ಉತ್ತರದ ಹಿಮಸಮುದ್ರದ ದಡದಲ್ಲಿ,” ಎಂದಳು. “ನಲವತ್ತೊಂದು ಚಳಿಗಾಲ ಈ ಕಣಿವೇಲಿ ಎಣಿಸಿದೀನಿ, ಉಲ್ಬೊಲ್ಸುನ್. ನಾನಿರ್ಲಿ, ನನ್ನ ಗುರುಗಳೂ ಇಲ್ಲಿ ಇದನ್ನ ನೋಡಿಲ್ಲ. ಯಾರೂ ನೋಡಿಲ್ಲ.”

“ನಾನು ನೋಡಿದ್ನಲ್ಲ,” ಎಂದಳು ಎಜೆ.

“ನೀನೇ ಮೊದಲು. ನಿನ್ನ ಹೆಸರು ಹಕ್ಕಿಗಳ ಪಟ್ಟಿಗೆ ಹೋಗುತ್ತೆ.”

ಗೂಬೆ ಎಲ್ಲಿಗೂ ಹೋಗಲಿಲ್ಲ. ಬಣವೆಯಿಂದ ಬೇಲಿಕಂಬಕ್ಕೆ, ಕಂಬದಿಂದ ಬಣವೆಗೆ. ಊರಿನವರು ಸರದಿಯಂತೆ ಬಂದು ನೋಡಿದರು. ಎಜೆ ಹೊಲಿಗೆ ಬಿಟ್ಟು ಕಿಟಕಿಯ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ಮೂರನೆಯ ದಿನ ರಿಮ್ಮಾ ಪೆತ್ರೋವ್ನಾ ತನ್ನ ಜೊತೆಯ ಪಂಡಿತರನ್ನೂ ಕರೆತರುತ್ತೇನೆಂದು ಬಿಶ್ಕೆಕ್‌ಗೆ ಹೊರಟಳು. ಹೊರಡುವಾಗ, “ಜೋಪಾನ,” ಎಂದಳು. ಅದಕ್ಕೆ ಎಜೆ, “ನನ್ನ ಮನೆಗೆ ಬಂದ ನೆಂಟ. ನೀನು ಹೇಳ್ಬೇಕಾ?” ಎಂದಳು.

ಆ ಸಂಜೆ ತಿಲೆನ್‌ಬಾಯ್ ಮನೆಯಲ್ಲಿ ಚಹಾಕ್ಕೆ ಕೂತಿದ್ದೆವು. ಅವನ ಸೊಸೆ ಸೈರಾ ಹಿಂದಿನ ಚಳಿಗಾಲದಲ್ಲಿ ಮೊದಲ ಮಗುವನ್ನು ಕಳೆದುಕೊಂಡಿದ್ದಳು. ನ್ಯುಮೋನಿಯಾ ಆಗಿತ್ತು. ಆ ಮಗು ನನ್ನ ಕೈಯಲ್ಲೇ ಹೋಗಿತ್ತು. ಈಗ ಎರಡನೆಯದು, ನಲವತ್ತು ದಿನದ ಹೆಣ್ಣು. ಬದುಕಿ ನಿಲ್ಲಲಿ ಎಂದೇ ತುರ್ಸುನಾಯ್ ಎಂದು ಹೆಸರಿಟ್ಟಿದ್ದರು. ಎರಡು ದಿನಕ್ಕೆ ತೊಟ್ಟಿಲ ಶಾಸ್ತ್ರವಿತ್ತು. ಮಗು ಸಣ್ಣಗೆ ಕೆಮ್ಮಿತು. ಸೈರಾ ಬಟ್ಟಲು ಕೆಳಗಿಟ್ಟು ಮಗುವಿನ ಎದೆಗೆ ಕಿವಿ ಇಟ್ಟಳು.

ಎಜೆ ಅವಳ ಬೆನ್ನು ಸವರಿ ಹೇಳಿದಳು: “ಹೆದರ್ಬೇಡ ಮಗಳೇ. ನನ್ನ ಬಣವೆ ಮೇಲಿದೆಯಲ್ಲ, ಅದರದ್ದೊಂದು ಗರಿ ತೊಟ್ಟಿಲಿಗಿದ್ದಿದ್ರೆ ಸಾವೂ ಹೊಸ್ತಿಲಾಚೆ ನಿಂತ್ಕೊಳ್ಳೋದು.”

ಬಾಯಿಮಾತು. ನಾವ್ಯಾರೂ ಅದಕ್ಕೆ ಗಮನ ಕೊಡಲಿಲ್ಲ. ತಿಲೆನ್‌ಬಾಯ್ ಸಕ್ಕರೆಯ ತುಂಡು ಕಡಿಯುತ್ತಾ ಕೂತಿದ್ದ.

ಐದನೆಯ ದಿನ ಮಧ್ಯಾಹ್ನ ಅದೇ ಮನೆಯಲ್ಲಿ ಹೆಂಗಸರು ಸೇರಿದ್ದರು. ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೊರ್ಸೋಕ್, ಮೇಜಿನ ತುಂಬ ಗುಡ್ಡೆ ಬಿದ್ದಿತ್ತು. ಹಿರಿಯಳಾದ ಎಜೆ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಬೀಳದಂತೆ ಬಟ್ಟೆಯ ಪಟ್ಟಿ ಕಟ್ಟಿ ಆಗಷ್ಟೇ ಕೂತಿದ್ದಳು. ತಿಲೆನ್‌ಬಾಯ್ ಹಿಮದ ಬೂಟಿನಲ್ಲೇ ಒಳಗೆ ನುಗ್ಗಿದ. ಮುಖದ ತುಂಬ ನಗು. ಕೋಟಿನಲ್ಲಿ ಸುತ್ತಿದ್ದ ಒಂದು ಗಂಟನ್ನು ಅಕ್ಕನ ಮಡಿಲಿಗಿಟ್ಟ.

“ಬೂಟು ಬಿಚ್ಚೋ ಕತ್ತೆ,” ಎಂದು ಎಜೆ ಬೈಯುತ್ತಲೇ ಕೋಟು ಬಿಡಿಸಿದಳು.

ಹೆಂಗಸರು “ಅಬ್ಬಾ, ಎಂಥಾ ಗರಿ!” ಎಂದು ಕೂಗಿದರು. ಒಬ್ಬಳು ಚಪ್ಪಾಳೆಯನ್ನೂ ತಟ್ಟಿದಳು. ನನಗೆ ಕಂಡದ್ದು ಅರ್ಧ ತೆರೆದ ಒಂದು ಹಳದಿ ಕಣ್ಣು. ಎಜೆಯ ಎರಡು ಕೈಯೂ ಆ ಬಿಳಿ ಎದೆಯ ಮೇಲೆ ಹಾಗೇ ನಿಂತುಬಿಟ್ಟವು.

“ತಿಲೆನ್, ಇದು ಬಿಸಿಯಾಗಿದೆ.”

“ಈಗಷ್ಟೇ ಹೊಡೆದೆ ಎಜೆ. ನೀನೇ ಹೇಳಿದ್ಯಲ್ಲ.”

“ನಾನಾ?”

“ಮೊನ್ನೆ. ಇದೇ ಜಾಗದಲ್ಲಿ ಕೂತ್ಕೊಂಡು.”

ಎಜೆ ತಲೆಯಾಡಿಸಿದಳು. “ಹೌದು,” ಎಂದಳು. “ಹೇಳಿದ್ದೆ.”

ಗದ್ದಲ ತಾನಾಗಿಯೇ ಅಡಗಿತು. ಏನೋ ತಪ್ಪಾಗಿದೆಯೆಂದು ತಿಲೆನ್‌ಬಾಯ್‌ಗೂ ಹೊಳೆದಿರಬೇಕು, ನಗು ಮಾಯವಾಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಆಗ ಸೈರಾ ಬಂದು ಎಜೆಯ ಮುಂದೆ ಮಂಡಿಯೂರಿದಳು. “ಎಜೆ, ಕಟ್ಟಿ,” ಎಂದಳು.

ಎಜೆ ಅವಳ ಮುಖ ನೋಡಿದಳು. ಎದೆಯ ಒಂದು ಗರಿ ಹಿಡಿದು ಎಳೆದಳು. ಬರಲಿಲ್ಲ. ಪೊಟ್ಟಣದ ಗರಿ ಗೊತ್ತಿದ್ದ ಕೈಗೆ ಮೈಯಿಂದ ಕೀಳುವುದು ಗೊತ್ತಿರಲಿಲ್ಲ. ಹಲ್ಲು ಕಚ್ಚಿ ಮೂರು ಕಿತ್ತಳು, ಕೆಂಪು ದಾರ ಸುತ್ತಿ ತೊಟ್ಟಿಲ ಕಂಬಿಗೆ ಕಟ್ಟಿದಳು.

ದಾರದ ತುದಿ ಕತ್ತರಿಸುವಷ್ಟರಲ್ಲಿ ಹೊರಗೆ ಕಾರು ನಿಂತ ಸದ್ದು. ರಿಮ್ಮಾ ಪೆತ್ರೋವ್ನಾ ಇಬ್ಬರು ಪಂಡಿತರೊಂದಿಗೆ ಇಳಿದಳು. “ನಮ್ಮ ನೆಂಟ ಎಲ್ಲಿ? ಬಣವೆ ಖಾಲಿ ಇದೆ!” ಎಂದು ಅಂಗಳದಿಂದಲೇ ನಗುತ್ತಾ ಕೂಗಿದಳು.

ಎಜೆ ಕೋಟಿನ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ಹೋದಳು.

ರಿಮ್ಮಾ ಕೋಟಿನ ಮಡಿಕೆ ಸರಿಸಿ ನೋಡಿದಳು. ಆಮೇಲೆ, “ಯಾರು?” ಎಂದಳು.

“ಹೊಡೆದದ್ದು ನನ್ನ ತಮ್ಮ. ಹೊಡೆಸಿದ್ದು ನಾನು. ಎರಡನ್ನೂ ಬರ್ಕೊ.”

“ಇಪ್ಪತ್ತು ವರ್ಷ ನಿನ್ನ ಮನೇಲಿ ಉಂಡಿದೀನಿ, ಉಲ್ಬೊಲ್ಸುನ್.” ರಿಮ್ಮಾ ಹಕ್ಕಿಯನ್ನು ತೆಗೆದುಕೊಂಡಳು. ಬಾಗಿಲಲ್ಲಿ ಸೈರಾ ಹಿಡಿದ ರೊಟ್ಟಿಯಿಂದ ಒಂದು ಚೂರನ್ನೂ ಮುರಿಯದೆ ಕಾರು ಹತ್ತಿದಳು. ನಮ್ಮಲ್ಲಿ ಜಗಳವಾಡಿದ ಶತ್ರುವೂ ರೊಟ್ಟಿ ಮುರಿಯದೆ ಹೋಗುವುದಿಲ್ಲ.

ಎಜೆಯನ್ನು ಮನೆಗೆ ಕರೆದೊಯ್ದು ಒಲೆಯ ಪಕ್ಕ ಕೂರಿಸಿದೆ. ರಕ್ತದೊತ್ತಡ ಇನ್ನೂರು ಮುಟ್ಟಿತ್ತು. ಮಾತ್ರೆ ನುಂಗಿಸಿದ ಮೇಲೆ ತನ್ನ ಬೆರಳುಗಳನ್ನೇ ನೋಡುತ್ತಾ ಹೇಳಿದಳು: “ಅದು ಸತ್ತಿದ್ದಕ್ಕಿಂತ ಇನ್ನೊಂದು ನನ್ನ ಜೀವ ಹಿಂಡ್ತಿದೆ ಕಣೇ. ಕೋಟು ಬಿಚ್ಚಿದ ತಕ್ಷಣ ನನ್ನ ಬೆರಳು ಹೇಳ್ತು, ಒಳ್ಳೇ ಗರಿ, ಮೊದಲನೇ ದರ್ಜೆ ಅಂತ. ಅಯ್ಯೋ ಅಂತ ಎದೆ ಆಮೇಲೆ ಅಂತು. ಆಮೇಲೆ!”

ಅರಣ್ಯದವರು ಬಂದು ತಿಲೆನ್‌ಬಾಯ್‌ನ ಬಂದೂಕು ಒಯ್ದರು, ದಂಡವನ್ನೂ ಹಾಕಿದರು. ಅವನು ವಸಂತದವರೆಗೆ ಅಕ್ಕನ ಹೊಸ್ತಿಲು ತುಳಿಯಲಿಲ್ಲ. ದಾರಿಯಲ್ಲಿ ನಾನು ಸಿಕ್ಕರೆ, “ಅವಳಿಗೋಸ್ಕರ ಹೊಡೆದೆ, ಅವಳೇ ನನ್ನ ಹೆಸರು ಕೊಟ್ಟಳು,” ಎನ್ನುತ್ತಿದ್ದ. ಅದು ಸುಳ್ಳಲ್ಲ. ಕಡೆಗೆ ಕುರಿ ಮರಿಹಾಕುವ ಕಾಲದಲ್ಲಿ ಎಜೆಯ ಕುರಿಯೊಂದು ಒದ್ದಾಡುತ್ತಿದೆಯೆಂದು ಕೇಳಿ, ಕರೆಯದೆಯೇ ಬಂದು ತೋಳು ಮಡಿಚಿ ಕೊಟ್ಟಿಗೆಗಿಳಿದ. ಇಬ್ಬರೂ ಕುರಿಯ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಎಜೆ ಗೂಬೆಗರಿ ಮುಟ್ಟುವುದನ್ನು ನಿಲ್ಲಿಸಿದಳು. ಟೋಪಿಗೆ ಬಿಳಿ ಹುಂಜದ ಗರಿ ಕಟ್ಟತೊಡಗಿದಳು. “ಕೋಳಿಗರಿಗೆ ದೆವ್ವ ಹೆದರುತ್ತಾ ಎಜೆ?” ಎಂದು ಗಿರಾಕಿಗಳು ಮೂಗು ಮುರಿದರೆ, “ಹುಂಜ ಕೂಗಿದ್ರೆ ಓಡಿಹೋಗೋದು ಮತ್ಯಾರು, ನಿನ್ನ ಗಂಡನಾ?” ಎನ್ನುತ್ತಿದ್ದಳು. ನಕ್ಕವರಲ್ಲಿ ಅರ್ಧ ಜನ ಬೇರೆ ಕಡೆ ಕೊಳ್ಳಲು ಹೋದರು.

ಮರುವರ್ಷ ಜನವರಿಯಲ್ಲಿ ರಿಮ್ಮಾ ಪೆತ್ರೋವ್ನಾ ಬರುವುದಿಲ್ಲವೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಬಂದಳು. ಚೀಲ ಇಳಿಸಿ, “ಚಹಾ ಇದೆಯಾ?” ಎಂದಳು. ಎಜೆ ರೊಟ್ಟಿ ಮುಂದಿಟ್ಟಳು. ರಿಮ್ಮಾ ಮುರಿದು ಬಾಯಿಗಿಟ್ಟಳು. ಅಚ್ಚಾದ ಪಟ್ಟಿಯನ್ನು ತಂದಿದ್ದಳು. ನಾನು ಓದಿ ಹೇಳಿದೆ: ಬಿಳಿ ಗೂಬೆ, ಒಂದು. ಮೊದಲು ಕಂಡವರು ಉಲ್ಬೊಲ್ಸುನ್. ಐದನೆಯ ದಿನ ಗರಿಗಾಗಿ ಕೊಲ್ಲಲಾಯಿತು. ಎಜೆ ಮೂರು ಸಲ ಓದಿಸಿದಳು. “ಸರಿಯಾಗಿದೆ,” ಎಂದಳು.

ಆಮೇಲೆ ರಿಮ್ಮಾ ಇನ್ನೊಂದು ವಿಷಯ ತೆಗೆದಳು. ಗೂಬೆಯ ಚರ್ಮ ಬಿಶ್ಕೆಕ್‌ನ ಪಕ್ಷಿ ಸಂಗ್ರಹದಲ್ಲಿದೆ, ಆ ಮೂರು ಗರಿಯೂ ಸಿಕ್ಕರೆ ಪೂರ್ತಿಯಾಗುತ್ತದೆ. ಮೂವರೂ ಸೈರಾಳ ಮನೆಗೆ ಹೋದೆವು. ತುರ್ಸುನಾಯ್ ಗೋಡೆ ಹಿಡಿದು ನಡೆಯುತ್ತಿದ್ದಳು. ಸೈರಾ ವಿಷಯ ಕೇಳಿದ್ದೇ ಮಗುವನ್ನೆತ್ತಿಕೊಂಡು ತೊಟ್ಟಿಲಿಗೆ ಅಡ್ಡ ನಿಂತಳು.

“ಕೊಡಲ್ಲ. ನನ್ನ ಮಗು ನಿಂತಿದೆ.”

“ಕೊಡ್ಬೇಡ ಮಗಳೇ,” ಎಂದಳು ಎಜೆ.

ಹೊರಗೆ ಬಂದ ಮೇಲೆ ರಿಮ್ಮಾ ಸಿಡುಕಿದಳು. “ನೀನು ಈಗಲೂ ಅದನ್ನ ನಂಬ್ತೀಯಾ?”

“ಗೊತ್ತಿಲ್ಲ ರಿಮ್ಮಾ. ಆದ್ರೆ ಅದು ಸತ್ತದ್ದು ಆ ಮಗುವಿನ ಹೆಸರಲ್ಲಿ. ನಾನು ಮಾತಾಡಿ ಕೊಲ್ಲಿಸಿದೆ, ಈಗ ಮಾತಾಡಿ ಕಿತ್ಕೊಳ್ಳಲ್ಲ. ನಿಮ್ಮ ಪೆಟ್ಟಿಗೇಲಿ ಮೂರು ಗರಿ ಕಮ್ಮಿ ಇರ್ಲಿ.”

ರಿಮ್ಮಾ ದುರ್ಬೀನು ಕೊರಳಿಗೆ ಹಾಕಿಕೊಂಡು ಜಲಾಶಯದ ಕಡೆ ನಡೆದಳು. ಆ ವರ್ಷ ಬಾತುಗಳು ಬಹಳ ಬಂದಿದ್ದವು.