ಬೆನ್ನ ಹಿಂದಿನ ನೀರು

ತುಂಗಭದ್ರಾ ಡ್ಯಾಂ ತುಂಬಿತೆಂದರೆ ಹೊಸಪೇಟೆಗೆ ಹಬ್ಬ. ಗೇಟಿನಿಂದ ಧುಮುಕುವ ನೀರಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದವರು ನಮ್ಮ ಆಫೀಸಿನಲ್ಲಿ ನಾನೊಬ್ಬಳೇ. ಆ ನೀರು ಆಮೇಲೆ ಎಲ್ಲಿಗೆ ಹೋಗುತ್ತದೆಂದು ಯಾರೂ ಕೇಳುವುದಿಲ್ಲ. ಕಂಪ್ಲಿಯ ಹತ್ತಿರ ನಮ್ಮವ್ವನ ಭತ್ತದ ಗದ್ದೆಗೆ ಹೋಗುತ್ತದೆ.

ನಮ್ಮ ನೆಲ ವಿಚಿತ್ರ. ಹೊಳೆಯ ದಂಡೆ ಎತ್ತರ, ಅದರ ಹಿಂದೆ ಗದ್ದೆ ತಗ್ಗು. ಗದ್ದೆಗೂ ಊರಿನ ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟು ನೀರು. ಹೊಳೆಗೆ ಸೇರುವ ಈ ಹಳ್ಳ, ಹೊಳೆ ಏರಿದಾಗ ಮಾತ್ರ ಹಿಂದಕ್ಕೆ ತಿರುಗಿ ಹರಿಯುತ್ತದೆ. ನೀರು ದಂಡೆ ಹತ್ತಿ ಎದುರಿನಿಂದ ಬರುವ ಮೊದಲೇ ಹಿಂದಿನಿಂದ ಬಂದು ದಾರಿ ಮುಚ್ಚುತ್ತದೆ.

ಇದು ಗೊತ್ತಿದ್ದೂ ನಮ್ಮವರು ಹೊಳೆಯನ್ನೇ ನೋಡುತ್ತಾರೆ. ನೀರು ಬಿಟ್ಟರೆಂಬ ಸುದ್ದಿ ಬಂದ ಕೂಡಲೇ ದಂಡೆಯ ಅಂಚಿಗೆ ಒಂದು ಗೂಟ ಬಡಿಯುತ್ತಾರೆ. ನೀರು ಗೂಟ ಮುಟ್ಟುವವರೆಗೆ ಕೆಲಸ ಮಾಡಬಹುದೆಂಬ ಧೈರ್ಯ.

ಹೋದ ವರ್ಷ ನಾನು ರಜೆಗೆ ಊರಿಗೆ ಹೋಗಿದ್ದಾಗಲೇ ನೀರು ಬಿಟ್ಟ ಸುದ್ದಿ ಬಂತು. ನಾನೂ ಅವ್ವನೂ ಭತ್ತದ ಸಸಿ ಕೀಳುತ್ತಿದ್ದೆವು. ಮೇಲಿನ ಹೊಲಕ್ಕೆ ಒಯ್ದು ಉಳಿಸಿಕೊಳ್ಳುವ ಆಸೆ. ಗೂಟ ಒಣಗಿಯೇ ಇತ್ತು.

“ಇನ್ನೊಂದು ಸಸಿಮಡಿ ಕಿತ್ತು ಹೋಗೂನು. ಗಾಬರಿ ಆಗಬ್ಯಾಡ,” ಎಂದಳು ಅವ್ವ.

ಸೊಂಟ ನೋಯುತ್ತದೆಂದು ಎದ್ದು ಹಿಂದೆ ತಿರುಗಿದೆ. ಹಳ್ಳದಲ್ಲಿ ಹುಲ್ಲುಕಸ ಹೊಳೆಯ ಕಡೆಯಿಂದ ಊರಿನ ಕಡೆಗೆ ತೇಲುತ್ತಿತ್ತು. ಅವ್ವ ಕಿತ್ತ ಸಸಿಯ ಹೊರೆಯನ್ನು ತಲೆಗೇರಿಸಿಕೊಂಡಳು; ಅವಳ ಕೈ ಹಿಡಿದು ಓಡಿದೆ. ನಡುಹಳ್ಳದಲ್ಲಿ ನೀರು ಎದೆಮಟ್ಟ. ಅವಳಿಗೆ ಈಜು ಬಾರದು. ಆದರೂ ಇನ್ನೊಂದು ಕೈ ತಲೆಯ ಮೇಲಿನ ಸಸಿಯ ಹೊರೆಯನ್ನು ಬಿಡಲೊಲ್ಲದು.

“ಬಿಡವ್ವಾ ಅದನ್ನ!”

“ಕೂಸಿನಂಗ ಸಾಕೀನಿ, ಹೆಂಗ ಬಿಡ್ಲಿ?”

ನಾನೇ ಕಿತ್ತು ಎಸೆದೆ. ರಸ್ತೆ ಸೇರಿದ ಮೇಲೆ ಅವ್ವ ಅತ್ತದ್ದು ತೇಲಿಹೋದ ಸಸಿಗಾಗಿ. ನಾವು ಬದುಕಿದ್ದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ನನಗೆ ಕೆಟ್ಟ ಸಿಟ್ಟು ಬಂದಿತ್ತು.

ಈ ವರ್ಷ ಗೇಟು ತೆಗೆದ ದಿನ ನಾನು ಆಫೀಸಿನಲ್ಲಿದ್ದೆ, ಅವ್ವ ಒಬ್ಬಳೇ ಗದ್ದೆಯಲ್ಲಿ. ಫೋನು ಮಾಡಿದೆ. ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮತ್ತೆ. ಪಕ್ಕದ ಟೇಬಲ್ಲಿನಾಕೆ, “ಡ್ಯಾಂ ಮಸ್ತ್ ಕಾಣಾಕತ್ತೈತಂತ್ರಿ, ಬರ್ರಿ ಹೋಗೂನು,” ಎಂದಳು. ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳದೇನು ತಪ್ಪು? ನನ್ನ ಕಣ್ಣಿಗೆ ಆ ಹುಲ್ಲುಕಸವೇ ಕಟ್ಟಿತ್ತು, ಹೊರೆ ಹಿಡಿದ ಆ ಕೈಯೂ.

ಕೊನೆಗೆ ಅವಳೇ ಫೋನು ಮಾಡಿದಳು.

“ರಸ್ತಿ ಮ್ಯಾಲ ಅದೀನಿ,” ಎಂದಳು ಏದುಸಿರು ಬಿಡುತ್ತ. “ಗೂಟ ಇನ್ನೂ ಒಣಗೇ ಐತಿ. ಹಳ್ಳ ತಿರುಗಿದ್ದು ಕಂಡು ಬಂದುಬಿಟ್ಟೆ.”

“ಸಸಿ?” ತಡೆಯಲಾಗದೆ ಕೇಳಿದೆ.

“ಬಿಟ್ಟು ಬಂದೀನಿ.”

ಆಮೇಲೆ ಫೋನು ಹಿಡಿದುಕೊಂಡೇ ಇಬ್ಬರೂ ಅತ್ತೆವು. ಅವಳು ಸಸಿಗಾಗಿ, ನಾನು ಅವಳಿಗಾಗಿ.