ಒಂದು ಹೆಜ್ಜೆಗೆ ಎಷ್ಟು ವರ್ಷ

ಡಿಸೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಏಳು ಗಂಟೆ. ಸಿಂಧನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಇದ್ದವರು ಮೂವರು: ನಾನು, ನನ್ನ ಮಗಳು, ಹಿಂದಿನ ದಿನ ಲಿಂಗಸುಗೂರಿನಿಂದ ಬಂದಿದ್ದ ಅಳಿಯ. ಚಹಾ ಮುಗಿದಿತ್ತು. ಕೆಲಸ ಶುರುವಾಗಬೇಕಿತ್ತು.

ಮಗಳು ಮೊದಲ ಹೆರಿಗೆಗೆಂದು ತವರಿಗೆ ಬಂದವಳು. ಮಗು ಎಂಟು ದಿನ ಇತ್ತು. ಹೆಸರಿಡುವ ದಿನ ಬರುವ ಮೊದಲೇ ಹೋಯಿತು. ಏಕೆಂದು ಡಾಕ್ಟರರಿಗೂ ಸ್ಪಷ್ಟವಾಗಿ ಹೇಳಲಾಗಲಿಲ್ಲ. ಅದಾಗಿ ಮೂರು ತಿಂಗಳಾಗಿತ್ತು. ನಾನು ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ವೇಳಾಪಟ್ಟಿ ಬಿಟ್ಟರೆ ದುಃಖಕ್ಕೆ ಬೇರೆ ಔಷಧ ನನಗೆ ಗೊತ್ತಿರಲಿಲ್ಲ. ಅವಳು ಲಿಂಗಸುಗೂರಿನ ಶಾಲೆಯೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಬಸುರಿಯಾಗಿದ್ದಾಗ ಮಕ್ಕಳಿಗಾಗಿ ಜೀವವಿಕಾಸದ ಕಂಪ್ಯೂಟರ್ ಆಟವೊಂದನ್ನು ಕಟ್ಟಲು ತೊಡಗಿ ಅರ್ಧಕ್ಕೆ ಬಿಟ್ಟಿದ್ದಳು. ಅದನ್ನು ಮುಗಿಸಲೇಬೇಕೆಂದು ಹಟ ಹಿಡಿದವಳು ನಾನು. ಒಂದು ತಿಂಗಳಿಂದ ದಿನಾ ಏಳರಿಂದ ಒಂಬತ್ತು, ಮತ್ತೆ ನಾಲ್ಕರಿಂದ ಆರು. ಅವಳು ಬಂದು ಕೂಡುತ್ತಿದ್ದಳು, ಹೇಳಿದ್ದನ್ನು ಮಾಡುತ್ತಿದ್ದಳು. ಗುಣವಾಗುತ್ತಿದ್ದಾಳೆ ಎಂದುಕೊಂಡಿದ್ದೆ.

ಆಟದಲ್ಲಿ ಎರಡು ಹಕ್ಕಿ, ಬುರ್ಲಿ ಮತ್ತು ಗೌಜುಗ. ಎರಡೂ ನೆಲದ ಕಾಳು ಹೆಕ್ಕುವಂಥವು. ಒಂದೇ ಜೋಳದ ಹೊಲದಲ್ಲಿ ಒಂದೇ ಕಾಳಿಗೆ ಬಿಟ್ಟರೆ ಕೆಲವು ತಲೆಮಾರುಗಳಲ್ಲಿ ಒಂದು ಅಳಿಯುತ್ತದೆ. ಹಾಗಾಗದಂತೆ ಆಡುವವರು ಪ್ರತಿ ಹಕ್ಕಿಗೂ ಅದರದೇ ಜಾಗ, ಅದರದೇ ಊಟ ಹುಡುಕಿಕೊಡಬೇಕು. ಪಾಮನಕಲ್ಲೂರಿನ ಒಣಭೂಮಿಯಲ್ಲಿ ಬೆಳೆದ ಅಳಿಯನೇ ಇದಕ್ಕೆ ನಮ್ಮ ಪಂಡಿತ. ಬುರ್ಲಿ ಬೆಳೆಯ ಒಳಗೇ ಅಡಗಿ ತಿರುಗುತ್ತದೆ, ಗೌಜುಗ ಬದುವಿನ ಜಾಲಿ ಕಂಟಿ ಬಿಟ್ಟು ದೂರ ಹೋಗುವುದಿಲ್ಲ ಎಂದ. ನಾನು ಅದನ್ನು ಹೊತ್ತಿನ ಸಮೇತ ಪಟ್ಟಿ ಮಾಡಿಕೊಳ್ಳುವುದನ್ನು ನೋಡಿ ಕೇಳಿದ: “ಅತ್ತೀ, ನಿಮ್ಮ ಬುರ್ಲಿನೂ ಗಂಟಿ ಬಾರಿಸಿದ ಮ್ಯಾಲೇ ಕಾಳು ತಿನ್ನಬೇಕೇನ್ರಿ?” ಮಗಳ ತುಟಿ ಒಂದು ಗಳಿಗೆ ಸಡಿಲಾಯಿತು.

ಅಂದು ತೀರ್ಮಾನವಾಗಬೇಕಿದ್ದದ್ದು ಕಾಲದ ಅಳತೆ. ಆಟದ ಒಂದು ಹೆಜ್ಜೆ ಎಂದರೆ ಎಷ್ಟು ವರ್ಷ? ಅವಳು ಸಾವಿರ ವರ್ಷ ಎಂದು ಇಟ್ಟಿದ್ದಳು. ಒಂದು ಸುಗ್ಗಿ ಸಾಕು ಎಂದೆ ನಾನು. ಸಾವಿರ ವರ್ಷ ಒಮ್ಮೆಗೇ ದಾಟಿದರೆ ಕೊಕ್ಕು ಉದ್ದವಾದದ್ದು ಕಾಣುತ್ತದೆ, ಯಾಕೆ ಉದ್ದವಾಯಿತೆಂದು ಕಾಣುವುದಿಲ್ಲ. ಯಾವ ಮರಿ ಉಳಿಯಿತು, ಯಾವುದು ಸತ್ತಿತು ಎನ್ನುವಲ್ಲೇ ಆಯ್ಕೆ ನಡೆಯುವುದು ಎಂದು ತರಗತಿಯಲ್ಲಿ ಹೇಳುವಂತೆ ಹೇಳಿದೆ.

“ಅಷ್ಟು ದೂರದಿಂದ ನೋಡಿದ್ರ ಮರಿ ಕಾಣಂಗಿಲ್ಲ. ಅದಕ್ಕ ಇಟ್ಟೀನಿ,” ಎಂದಳು.

ಆಗಲಾದರೂ ನಾನು ನಿಲ್ಲಬೇಕಿತ್ತು. ಪರದೆಯ ಮೇಲೆ ಒಂದು ಚೌಕ ಮೊದಲ ದಿನದಿಂದ ಖಾಲಿ ಇತ್ತು: ಹತ್ತು ಮರಿಗಳಲ್ಲಿ ಸಾಯುವವು ಎಷ್ಟು. ಖಾಲಿ ಚೌಕ ನೋಡಿ ಸುಮ್ಮನಿರುವ ಅಭ್ಯಾಸ ನನಗಿಲ್ಲ. ಕೈಚಾಚಿ ಏಳು ಎಂದು ಒತ್ತಿಬಿಟ್ಟೆ.

ಅಳಿಯ ತಲೆ ತಗ್ಗಿಸಿದ. ಮಗಳು ಆ ಅಂಕಿಯನ್ನೇ ನೋಡುತ್ತ ಕೂತಳು.

“ಅವ್ವಾ, ಉಳಿದ ಮೂರಕ್ಕ ಏನಿತ್ತು, ನನ್ನದಕ್ಕ ಇಲ್ಲದ್ದು?”

ಉಳಿದದ್ದರಲ್ಲಿ ಏನೋ ಇರುತ್ತದೆ, ಬಲವೋ ಬಣ್ಣವೋ ಕೊಕ್ಕೋ. ಪರೀಕ್ಷೆಯಲ್ಲಿ ಹಾಗೆ ಬರೆದವರಿಗೆಲ್ಲ ಪೂರ್ತಿ ಅಂಕ ಕೊಟ್ಟವಳು ನಾನು. ಒಂದು ತಿಂಗಳಿಂದ ಆ ಪಾಠವನ್ನೇ ಅವಳ ಮುಂದೆ ದಿನಕ್ಕೆ ನಾಲ್ಕು ಗಂಟೆ ಒಪ್ಪಿಸುತ್ತಿದ್ದೆ. ಅವಳು ಅದನ್ನು ತನ್ನ ಕೂಸಿಗೆ ಹಚ್ಚಿಕೊಂಡು ಕೇಳಿದ್ದಳು.

“ಏನೂ ಇರಲಿಲ್ಲವ್ವ,” ಎಂದೆ. “ಭಾಳಷ್ಟು ಸುಮ್ಮನ ಸಾಯ್ತಾವ. ಎತ್ತಿನ ಕಾಲು ಬೀಳೂ ಜಾಗದಾಗ ಗೂಡು ಇರ್ತೈತಿ, ಅಷ್ಟ. ಅದರಾಗ ಕೂಸಿಂದು ತಪ್ಪಿಲ್ಲ, ನಿಂದೂ ಇಲ್ಲ.”

“ಹಂಗಾದ್ರ ಆಟದಾಗ ಅದ್ಯಾಕ ಇಲ್ಲ?”

ನಾನು ಹೇಳಿರಲೇ ಇಲ್ಲ, ಅದಕ್ಕೇ ಇರಲಿಲ್ಲ.

ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಬರಲಿಲ್ಲ. ಮಗುವನ್ನು ಮಣ್ಣು ಮಾಡಿ ಬಂದ ದಿನ ಅಳದವಳು ಅಂದು ಅತ್ತದ್ದು ಪಡಸಾಲೆಗೆ ಕೇಳಿಸುತ್ತಿತ್ತು. ಅಳಿಯ ಬಾಗಿಲಿನ ಹೊರಗೆ ನೆಲದ ಮೇಲೆ ಕೂತಿದ್ದ. ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ಮಧ್ಯಾಹ್ನದ ಬಸ್ಸು ಹಿಡಿಯಬೇಕಿದ್ದವನು ಏಳಲಿಲ್ಲ. ನಾನು ಯಾರನ್ನೂ ಯಾವ ಹೊತ್ತಿಗೂ ಕರೆಯಲಿಲ್ಲ.

ನಾಲ್ಕೂವರೆಗೆ ಅವಳೇ ಬಂದಳು. ಏಳನ್ನು ಒಡೆದು ಎರಡು ಚೌಕ ಮಾಡಿದಳು. ಕಾಳಿನ ಪೈಪೋಟಿಯಲ್ಲಿ ಸೋತು ಸಾಯುವವು ಎರಡು. ಇನ್ನೊಂದು ಚೌಕಕ್ಕೆ ‘ಕಾರಣವಿಲ್ಲ’ ಎಂದು ಬರೆದು ಐದು ತುಂಬಿದಳು. ಕಾಲದ ಅಳತೆಯನ್ನು ಒಂದು ಸುಗ್ಗಿಗೆ ಇಳಿಸಿದಳು. ಓಡಿಸಿ ನೋಡುವುದು ತನ್ನಿಂದ ಆಗುವುದಿಲ್ಲ ಎಂದು ಹೇಳಿ ಗಂಡನ ಜೊತೆ ಅಂಗಳಕ್ಕೆ ಹೋದಳು.

ಓಡಿಸಿ ನೋಡಲೇಬೇಕಿತ್ತು. ನಾನೊಬ್ಬಳೇ ಕೂತೆ. ಕಾರಣವಿಲ್ಲದ ಐದು ಮರಿಗಳು ಹೊಲದ ಬೇರೆ ಬೇರೆ ಕಡೆ ಒಂದೊಂದಾಗಿ ಇಲ್ಲವಾದವು. ಅವುಗಳಲ್ಲಿ ಒಂದರ ಕೊಕ್ಕು ಹತ್ತು ಮರಿಗಳಲ್ಲೇ ಅತಿ ಉದ್ದ. ಅದು ಎಲ್ಲಕ್ಕಿಂತ ಮೊದಲು ಹೋಯಿತು. ಕಣ್ಣೊರೆಸಿಕೊಂಡು ಇನ್ನೊಮ್ಮೆ ಓಡಿಸಿ, ಸರಿಯಿದೆ ಎಂದು ಗುರುತು ಹಾಕಿ, ಆರು ಗಂಟೆ ಹತ್ತು ನಿಮಿಷಕ್ಕೆ ಕಂಪ್ಯೂಟರ್ ಮುಚ್ಚಿದೆ.